ಧ್ವನಿ ಸಂದೇಶ ಸ್ವೀಕರಿಸುವುದಿಲ್ಲ

ಗ್ರಂಥಾಲಯದ ಬಾಗಿಲು ಎಂಟೂವರೆಗೆ ತೆರೆಯಬೇಕಾದರೆ ಎಂಟೂ ಇಪ್ಪತ್ತಕ್ಕೆ ಕೀಲಿ ಕೈಯಲ್ಲಿರಬೇಕು. ಹತ್ತು ನಿಮಿಷದಲ್ಲಿ ಕಿಟಕಿ ತೆಗೆಯುವುದು, ಪತ್ರಿಕೆಗಳನ್ನು ಮೇಜಿನ ಮೇಲೆ ಕ್ರಮವಾಗಿ ಇಡುವುದು, ಮುದ್ರೆಯ ದಿನಾಂಕ ತಿರುಗಿಸುವುದು. ಯಾದಗಿರಿ, ಶಹಾಪುರ, ಸುರಪುರ, ಈ ಮೂರೂ ಊರುಗಳಲ್ಲಿ ಒಟ್ಟು ಮೂವತ್ತನಾಲ್ಕು ವರ್ಷ ನನ್ನ ಬೆಳಗು ಶುರುವಾದದ್ದು ಹೀಗೆಯೇ. ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದರು. ನಮ್ಮ ಮನೆಯಲ್ಲಿ ಊಟ, ನಿದ್ದೆ, ಬೈಗುಳ ಮೂರೂ ಗಾಡಿ ಬರುವ ವೇಳೆಗೆ ಸರಿಯಾಗಿ ನಡೆಯುತ್ತಿದ್ದವು. ಆ ಶಿಸ್ತು ಮೈಗೆ ಹತ್ತಿತು. ಬಿಡಿಸಿಕೊಳ್ಳಬೇಕೆಂದು ನನಗೆ ಎಂದೂ ಅನ್ನಿಸಿಲ್ಲ.

ಈಚೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಮನೆಗೆ ಬಂದಿದ್ದರು. "ಮೇಡಂ, ಮೊಬೈಲು, ಫೇಸ್‌ಬುಕ್ಕು ಎಲ್ಲಾ ಬಂದ ಮ್ಯಾಲ ನೀವು ಹೆಂಗ ಕಲತ್ರಿ ಅಂತ ಒಂದ್ ನಾಕ ಪುಟ ಬರದ ಕೊಡ್ರಿ" ಎಂದರು. ಬಡ್ತಿ, ವರ್ಗಾವಣೆಗಳ ವಿವರ ಸೇವಾ ಪುಸ್ತಕದಲ್ಲಿದೆ, ಅದನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ನಾನು ಬರೆಯುವುದು ಮಾಡಿದ ತಪ್ಪುಗಳನ್ನು, ಅದರಲ್ಲೂ ಒಂದು ದೊಡ್ಡ ತಪ್ಪನ್ನು. ಅದು ನಡೆದದ್ದು ಈ ಮೂರರಲ್ಲಿ ಯಾವ ಊರಿನಲ್ಲಿ ಎಂದು ಹೇಳುವುದಿಲ್ಲ. ಅದರಿಂದ ನೊಂದ ಓದುಗರೊಬ್ಬರ ಹೆಸರನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಪಡೆದಿದ್ದೇನೆ. ಇಷ್ಟೆಲ್ಲ ಎಚ್ಚರಿಕೆ ಯಾಕೆಂಬುದು ಮುಂದೆ ತಿಳಿಯುತ್ತದೆ.

ನಾನು ಸೇರಿದಾಗ ಎಲ್ಲವೂ ಕೈಬರಹ. ಹೊಸ ಪುಸ್ತಕಕ್ಕೊಂದು ಸಂಖ್ಯೆ, ಲೇಖಕರ ಹೆಸರಿಗೊಂದು ಕಾರ್ಡು, ಶೀರ್ಷಿಕೆಗೊಂದು ಕಾರ್ಡು, ಹಿಂಬದಿಗೆ ಅಂಟಿಸಿದ ಅವಧಿ ಚೀಟಿ. ಯಾರು ಯಾವ ಪುಸ್ತಕ ಮನೆಗೆ ಒಯ್ದರು ಎಂಬುದು ಎರವಲು ರಿಜಿಸ್ಟರಿನಲ್ಲಿ. ನನಗೆ ಕೆಲಸ ಕಲಿಸಿದ ಹಿರಿಯ ಗ್ರಂಥಪಾಲಕರು ಆ ರಿಜಿಸ್ಟರನ್ನು ಸಂಜೆ ಮೇಜಿನ ಖಾನೆಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಪುಸ್ತಕದ ಕಪಾಟುಗಳಿಗೇ ಸರಿಯಾದ ಬೀಗವಿಲ್ಲದ ಕಾಲ ಅದು. ಒಂದು ದಿನ ಕೇಳಿದೆ.

"ಸರ್, ಈ ರಿಜಿಸ್ಟರ್ ಯಾರ ಕದ್ದೊಯ್ತಾರ್ರಿ?"

"ಪುಸ್ತಕ ಕದ್ರ ಇನ್ನೊಂದ ತರಸಬಹುದವ್ವಾ. ಇದನ್ನ ಯಾರರೆ ಓದಿ ಹೋದ್ರ, ಅದನ್ನ ಹೊಳ್ಳಿ ತರಾಕ ಬರಂಗಿಲ್ಲ."

ಮುದುಕರು ಏನೋ ಹೇಳುತ್ತಾರೆ ಎಂದುಕೊಂಡೆ. ಆದರೆ ಅವರು ನಿವೃತ್ತರಾದ ಮೇಲೆ ನಾನೂ ತಪ್ಪದೆ ಬೀಗ ಹಾಕಿದೆ, ಒಂದು ಸಂಜೆಯೂ ಮರೆಯಲಿಲ್ಲ. ಬೀಗ ಹಾಕುವುದನ್ನು ಕಲಿತಿದ್ದೆ, ಯಾಕೆ ಹಾಕಬೇಕೆಂಬುದನ್ನು ಕಲಿತಿರಲಿಲ್ಲ. ಹೊಸಬರು ಈ ಸಾಲನ್ನು ನೆನಪಿಡಬೇಕು.

ಆಮೇಲೆ ಕಂಪ್ಯೂಟರ್ ಬಂತು. ಕಾರ್ಡುಗಳೆಲ್ಲ ಅದರೊಳಗೆ ಹೋದವು, ಎರವಲು ರಿಜಿಸ್ಟರೂ ಹೋಯಿತು. ಖಾನೆ ಖಾಲಿಯಾಯಿತು, ಬೀಗ ತುಕ್ಕು ಹಿಡಿಯಿತು. ಅದರ ಹಿಂದೆಯೇ ಮೇಲಿನಿಂದ ಆದೇಶ: ಗ್ರಂಥಾಲಯದ ಸಿಬ್ಬಂದಿ ಸಾಮಾಜಿಕ ಜಾಲತಾಣ ಬಳಸಬೇಕು, ಓದುಗರನ್ನು ಅಲ್ಲಿ ತಲುಪಬೇಕು.

ಯಾದಗಿರಿಯಲ್ಲಿ ಮೂರು ದಿನ ತರಬೇತಿ. ಕಲಿಸಲು ಬಂದವರು ವೇಗವಾಗಿ ಮಾತಾಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕುಳಿತು ಒಂದೊಂದೂ ಹೆಜ್ಜೆಗೆ ಸಂಖ್ಯೆ ಹಾಕಿ ಬರೆದುಕೊಂಡೆ. ಮೊದಲನೆಯದು, "ಫೋನನ್ನು ಎಡಗೈಯಲ್ಲಿ ಹಿಡಿಯುವುದು." ಪಕ್ಕದಲ್ಲಿದ್ದವರು ನೋಡಿ ನಕ್ಕರು. ಮೂರನೇ ದಿನ ಅವರೇ ನನ್ನ ನೋಟ್‌ಬುಕ್ ಒಯ್ದು ಜೆರಾಕ್ಸ್ ಮಾಡಿಸಿಕೊಂಡರು. ವಯಸ್ಸಾದವರಿಗೆ ಇವೆಲ್ಲ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾಲ್ಕು ಸಾವಿರ ಪುಸ್ತಕಗಳ ಜಾಗವನ್ನು ಕಣ್ಣುಮುಚ್ಚಿ ಹೇಳುವ ತಲೆಗೆ ಹತ್ತು ಗುಂಡಿಗಳ ಜಾಗ ಹಿಡಿಯದೆ ಹೋಗುತ್ತದೆಯೇ?

ಗುಂಡಿಗಳು ಬಂದವು, ಅಭ್ಯಾಸಗಳು ಮಾತ್ರ ಹಳೆಯವೇ ಉಳಿದವು. ನಮ್ಮ ಗ್ರಂಥಾಲಯಕ್ಕೊಂದು ಫೇಸ್‌ಬುಕ್ ಪುಟ ಮಾಡಿದೆ. ಮುಖ್ಯವಾದದ್ದನ್ನೆಲ್ಲ ಸೂಚನಾ ಫಲಕಕ್ಕೆ ಹಚ್ಚುವುದು ನಮ್ಮ ರೂಢಿ. ಆದ್ದರಿಂದ ಪಾಸ್‌ವರ್ಡ್ ಕಳೆದುಹೋಗಬಾರದೆಂದು ಅದನ್ನು ಕೆಂಪು ಶಾಯಿಯಲ್ಲಿ ದುಂಡಗೆ ಬರೆದು ಫಲಕಕ್ಕೆ ಹಚ್ಚಿದೆ. ಮೂರನೇ ದಿನ ಪುಟದಲ್ಲಿ ಗ್ರಂಥಾಲಯದ ಚಿತ್ರವಿದ್ದ ಕಡೆ ಯಾರದೋ ಹೊಸ ಟ್ರ್ಯಾಕ್ಟರ್ ನಿಂತಿತ್ತು, ಮಾಲೆ ಹಾಕಿ, ನಿಂಬೆಹಣ್ಣು ಕಟ್ಟಿ.

ನಮ್ಮ ಅಟೆಂಡರ್ ಖಾಜಾಸಾಬರು ನನಗಿಂತ ನಾಲ್ಕು ವರ್ಷ ಚಿಕ್ಕವರು. ಅವರು ಬಗ್ಗಿ ನೋಡಿ, "ಇರಲಿ ಬಿಡ್ರಿ ಮೇಡಂ, ಗಾಡಿ ಚಲೋ ಅದ. ನಮ್ಮ ಬಿಲ್ಡಿಂಗಿನ ಫೋಟೋಕ್ಕ ಇಷ್ಟ ಲೈಕ್ ಬಂದಿದ್ದಿಲ್ಲ" ಎಂದರು.

ಪಾಸ್‌ವರ್ಡ್ ಬದಲಿಸಿದೆ. ಈ ಸಲ ಯಾರಿಗೂ ತೋರಿಸಲಿಲ್ಲ. ಪಾಠ ಅರ್ಧ ಕಲಿತಿದ್ದೆ.

ಮುಂದಿನದು ವಾಟ್ಸಾಪ್. ವಡಗೇರಾ, ದೋರನಹಳ್ಳಿ, ಕೆಂಭಾವಿ ಕಡೆಯಿಂದೆಲ್ಲ ನಮ್ಮ ಗ್ರಂಥಾಲಯಗಳಿಗೆ ಬಸ್ಸು ಹಿಡಿದು ಬರುವ ಓದುಗರಿದ್ದಾರೆ. ಪುಸ್ತಕದ ಅವಧಿ ಮುಂದುವರಿಸುವುದಕ್ಕೇ ಅವರು ಇಷ್ಟು ದೂರ ಬರಬೇಕಿತ್ತು. ಫೋನಿನಲ್ಲೇ ಮುಗಿಯಲಿ ಎಂದು ಓದುಗರ ಗುಂಪು ಮಾಡಿದೆ. ಗುಂಪೆಂದ ಮೇಲೆ ನಿಯಮ ಬೇಕು. ಹೆಸರು, ಸದಸ್ಯತ್ವದ ಸಂಖ್ಯೆ, ಪುಸ್ತಕದ ಸಂಖ್ಯೆ ಮೂರನ್ನೂ ಬರೆದು ಕಳಿಸಬೇಕು. ಶುಭೋದಯ, ದೇವರ ಚಿತ್ರ ಕಳಿಸಬಾರದು. ಧ್ವನಿ ಸಂದೇಶ ಸ್ವೀಕರಿಸುವುದಿಲ್ಲ. ಮೂರು ಸಲ ನಿಯಮ ಮೀರಿದವರನ್ನು ತೆಗೆಯಲಾಗುವುದು. ಧ್ವನಿಯನ್ನು ಫೈಲಿಗೆ ಹಾಕಲು ಬರುವುದಿಲ್ಲ, ಸಂಖ್ಯೆಯನ್ನು ತಪ್ಪು ಕೇಳಿಸಿಕೊಳ್ಳುವ ಸಂಭವ ಬೇರೆ. ನಿಯಮ ಸರಿಯಾಗಿಯೇ ಇದೆ ಎಂದು ನನಗೆ ಖಾತ್ರಿಯಿತ್ತು.

ಮೊದಲ ವಾರವೇ ಒಂದು ಧ್ವನಿ ಸಂದೇಶ ಬಂತು. ಹಿಂದೆ ಕುರಿಗಳ ಸದ್ದು.

"ಮೇಡಂರೀ, ನಾ ಬೀರಪ್ಪ ರೀ. ಕುರಿ ಜೋಡಿ ಅಡವ್ಯಾಗ ಅದೀನ್ರಿ. ಆ ಮೊಲದ ಪುಸ್ತಕ ಇನ್ನ ಎಂಟ ದಿನ ನನ್ನ ಹಂತ್ಯಾಕ ಇರಲಿ ಅಂತ ಬರಕೊಳ್ರಿ."

ಬೀರಪ್ಪನವರಿಗೆ ಐವತ್ತು ದಾಟಿತ್ತು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ. ಹತ್ತು ಹದಿನೈದು ಮೈಲಿ ದೂರದ ಹಳ್ಳಿಯವರು, ಆ ಹಳ್ಳಿಯ ಕುರಿ ಸಾಕುವವರ ಸಂಘದ ಅಧ್ಯಕ್ಷರು. ಸಂತೆಯ ದಿನ ಬಂದು ಮಕ್ಕಳ ಪುಸ್ತಕ ಒಯ್ಯುತ್ತಿದ್ದರು. "ಮೊಮ್ಮಗಳಿಗ್ರಿ" ಎನ್ನುತ್ತಿದ್ದರು. ಹೋಗುವ ಮುನ್ನ ಮೂಲೆಯ ಮೇಜಿನಲ್ಲಿ ಖಾಜಾಸಾಬರ ಜೊತೆ ಪತ್ರಿಕೆ ಹರಡಿಕೊಂಡು ಒಂದು ತಾಸು ಕೂರುತ್ತಿದ್ದರು. ಕೆಲಸದ ವೇಳೆಯಲ್ಲಿ ಹರಟೆ ಬೇಡವೆಂದು ನಾನು ಖಾಜಾಸಾಬರಿಗೆ ಎರಡು ಸಲ ಹೇಳಿದ್ದೂ ಉಂಟು. ಅವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

"ದಯವಿಟ್ಟು ಲಿಖಿತವಾಗಿ ಕಳಿಸಿ" ಎಂದು ಬೀರಪ್ಪನವರಿಗೆ ಉತ್ತರ ಬರೆದೆ. ತಕ್ಷಣ ಇನ್ನೊಂದು ಧ್ವನಿ: "ಹಾಂ, ಏನೋ ಬಂತ್ರಿ ನಿಮ್ಮದು. ಬರಕೊಂಡ್ರಿ ಹೌದಲ್ರಿ? ಭಾಳ ಚಲೋ ಆತು."

ಎಂಥ ಮೊಂಡು ಮನುಷ್ಯ ಎನಿಸಿತು. ಮೂರನೇ ಧ್ವನಿ ಬಂದ ದಿನ ನಿಯಮದ ಪ್ರಕಾರ ಗುಂಪಿನಿಂದ ತೆಗೆದೆ. ಓದಲು ಬಾರದವರಿಗೆ, ಬರೆದು ಕಳಿಸಿ ಎಂದು ಬರೆದೇ ತಿಳಿಸಿದ್ದೆ. ಅದು ನನಗೆ ಹೊಳೆಯಲಿಲ್ಲ. ದಿನವೂ ಓದುವವರ ನಡುವೆ ಕುಳಿತವರಿಗೆ ಇಂಥದ್ದು ಹೊಳೆಯುವುದೇ ಇಲ್ಲ.

ಇಷ್ಟರಲ್ಲಿ ಮೇಲಧಿಕಾರಿಗಳಿಂದ ಹೊಸ ಸೂಚನೆ ಬಂತು. ತಿಂಗಳಿಗೆ ನಾಲ್ಕು ಪೋಸ್ಟ್, ಫೋಟೋ ಸಹಿತ. ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂಬ ತಖ್ತೆ ಪ್ರತ್ಯೇಕ. ಹೊಸ ಪುಸ್ತಕದ ಚಿತ್ರ ಹಾಕಿದರೆ ಆರೇಳು ಲೈಕ್ ಬರುತ್ತಿತ್ತು, ಅದರಲ್ಲಿ ಎರಡು ನನ್ನದೂ ಖಾಜಾಸಾಬರದೂ. ಯೋಚಿಸಿ "ತಿಂಗಳ ಓದುಗ" ಎಂದು ಶುರುಮಾಡಿದೆ. ಹಿಂದೆ ಗ್ರಂಥಾಲಯ ಸಪ್ತಾಹದಲ್ಲಿ ಹೆಚ್ಚು ಪುಸ್ತಕ ಒಯ್ದವರಿಗೆ ಶಾಲು ಹೊದಿಸುತ್ತಿದ್ದೆವಲ್ಲ, ಅದೇ ಪದ್ಧತಿ. ಆಗ ರಿಜಿಸ್ಟರ್ ಎಣಿಸಲು ಎರಡು ದಿನ ಬೇಕಿತ್ತು, ಈಗ ಒಂದು ಗುಂಡಿ ಒತ್ತಿದರೆ ಸಾಕು. ಒತ್ತಿದೆ. ಪಟ್ಟಿಯ ಮೊದಲ ಹೆಸರೇ ಬೀರಪ್ಪ. ಒಂದು ವರ್ಷದಲ್ಲಿ ಇಪ್ಪತ್ತಮೂರು ಪುಸ್ತಕ.

ನನಗಾದ ಸಂತೋಷ ಸಣ್ಣದಲ್ಲ. ಮೇಷ್ಟ್ರಲ್ಲ, ಪರೀಕ್ಷೆಗೆ ಕಟ್ಟಿದವರಲ್ಲ, ಕುರಿ ಕಾಯುವವರು! ಸದಸ್ಯತ್ವದ ಅರ್ಜಿಯಲ್ಲಿದ್ದ ಅವರ ಫೋಟೋ ತೆಗೆದು, ಹೆಸರು, ಊರು, ಹುದ್ದೆ ಬರೆದು, ಕೆಳಗೆ ಇಪ್ಪತ್ತಮೂರೂ ಪುಸ್ತಕಗಳ ಹೆಸರನ್ನು ಕ್ರಮಸಂಖ್ಯೆ ಸಮೇತ ಹಾಕಿದೆ. ಅಪೂರ್ಣ ಮಾಹಿತಿ ಕೊಡುವುದು ನನ್ನ ಅಭ್ಯಾಸವಲ್ಲ. ಅಕ್ಷರಮಾಲೆ, ಕಾಗುಣಿತ, ಚಿತ್ರ ನೋಡಿ ಪದ ಹೇಳುವ ಪುಸ್ತಕ, ಮೊಲದ ಕಥೆ, ಒತ್ತಕ್ಷರದ ಪುಸ್ತಕ, ಎಲ್ಲವೂ ಸಾಲಾಗಿ.

ಸಂಜೆಯೊಳಗೆ ನೂರಾರು ಜನ ನೋಡಿದರು. ಕೆಳಗೆ ನಗುವ ಮುಖಗಳು ಒಂದರ ಹಿಂದೊಂದು ಬಂದವು. ಜನ ಖುಷಿಪಟ್ಟಿದ್ದಾರೆಂದು ತಿಳಿದು, ಅವನ್ನೂ ಎಣಿಸಿ ತಖ್ತೆಯಲ್ಲಿ "ಮೆಚ್ಚುಗೆ" ಎಂಬ ಕಾಲಂನಲ್ಲಿ ತುಂಬಿದೆ. ಮೇಲಧಿಕಾರಿಗಳು "ಉತ್ತಮ" ಎಂದು ಬರೆದರು.

ಖಾಜಾಸಾಬರು ಆ ನಾಲ್ಕು ದಿನ ರಜೆಯಲ್ಲಿದ್ದರು, ಕಲಬುರಗಿಯಲ್ಲಿ ತಂಗಿಯ ಮಗಳ ಮದುವೆ. ಐದನೇ ದಿನ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ನಮಸ್ಕಾರವನ್ನೂ ಹೇಳಲಿಲ್ಲ.

"ಮೇಡಂ, ಇದೇನ ಮಾಡಿ ಕುಂತೀರಿ?"

"ಏನಾತು? ಮೊಮ್ಮಗಳಿಗೆ ಒಯ್ದ ಪುಸ್ತಕದ ಪಟ್ಟಿ ಅಷ್ಟ ಹಾಕೀನಿ."

"ಬೀರಪ್ಪಗ ಮೊಮ್ಮಗಳ ಎಲ್ಲಿಂದ ಬರಬೇಕ್ರಿ? ಅವನ ಮಗಂದು ಇನ್ನ ಲಗ್ನಾನ ಆಗಿಲ್ಲ. ಊರಿಗೆಲ್ಲಾ ಗೊತ್ತದ."

ಬೀಗ ತೆಗೆದೆ. ಆ ದಿನ ಮುದ್ರೆಯ ದಿನಾಂಕ ತಿರುಗಿಸುವುದನ್ನು ಮರೆತೆ.

ಒಳಗೆ ಹೋಗಿ ಕುಳಿತ ಮೇಲೆ ಖಾಜಾಸಾಬರು ಎಲ್ಲವನ್ನೂ ಹೇಳಿದರು. ಬೀರಪ್ಪನವರಿಗೆ ಹೆಸರು ಗೀಚುವುದು ಬಿಟ್ಟರೆ ಓದು ಬರಹ ಬರುತ್ತಿರಲಿಲ್ಲ. ಎಲ್ಲಿಯಾದರೂ ಓದಬೇಕಾಗಿ ಬಂದರೆ ಚಾಳೀಸು ಮನೆಯಲ್ಲಿ ಮರೆತೆ ಎನ್ನುತ್ತಿದ್ದರು. ಅವರ ಹತ್ತಿರ ಕನ್ನಡಕವೇ ಇರಲಿಲ್ಲ. ಹಿಂದಿನ ವರ್ಷ ಸಂಘದ ಒಬ್ಬರು ಒಂದು ಕಾಗದ ತಂದು, "ದಸ್ಕತ್ ಮಾಡ್ರಿ ಅಧ್ಯಕ್ಷರ" ಎಂದಿದ್ದರು. ಮಾಡಿದರು. ಊರಿನ ಕುರಿಗಳಿಗೆಲ್ಲ ಲಸಿಕೆ ಆಗಿದೆ ಎಂದು ಅದರಲ್ಲಿತ್ತು. ಹಟ್ಟಿಯ ಅರ್ಧ ಭಾಗಕ್ಕೆ ಆಗಿರಲಿಲ್ಲ. ಬೇನೆ ಬಂದಾಗ ಒಬ್ಬ ವಿಧವೆಯ ಒಂಬತ್ತು ಕುರಿಗಳೂ ಹೋದವು. ಆಕೆ ಬೀರಪ್ಪನವರಿಗೆ ಒಂದು ಮಾತೂ ಅನ್ನಲಿಲ್ಲವಂತೆ. ಅದೇ ಅವರ ಮನಸ್ಸಿಗೆ ನಾಟಿತು. ಇನ್ನು ಮೇಲೆ ಓದದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದು ಗ್ರಂಥಾಲಯಕ್ಕೆ ಬಂದಿದ್ದರು. ಮೂಲೆಯ ಮೇಜಿನಲ್ಲಿ ನಡೆದದ್ದು ಹರಟೆಯಲ್ಲ, ಪಾಠ.

"ನನಗ ಒಂದ ಮಾತ ಹೇಳಬೇಕಿಲ್ಲೇನು ಖಾಜಾಸಾಬ?"

"ಹ್ಯಾಂಗ ಹೇಳ್ಲಿರಿ? ಯಾರಿಗೂ ಹೇಳಬ್ಯಾಡ ಅಂದಿದ್ದ. ನೀವ ಕೇಳಿದ್ದಿಲ್ಲ, ಬೈದಿದ್ರಿ."

ಪೋಸ್ಟನ್ನು ಅಳಿಸಿದೆ. ಅಳಿಸುವ ಗುಂಡಿ ನಮ್ಮ ಪುಟದ್ದು ಮಾತ್ರ. ಅಷ್ಟರಲ್ಲಿ ಅದರ ಚಿತ್ರ ಆ ಹಳ್ಳಿಯ ಎಲ್ಲ ಫೋನುಗಳಲ್ಲೂ ಇತ್ತು. ಹಳೆಯ ಗ್ರಂಥಪಾಲಕರ ಒಳಜೇಬಿನ ಕೀಲಿ ನೆನಪಾಯಿತು.

ಮಧ್ಯಾಹ್ನ ಬಸ್ ಕಂಡಕ್ಟರ್ ಒಬ್ಬರು ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಮೇಜಿನ ಮೇಲಿಟ್ಟರು. "ಬೀರಪ್ಪ ಕೊಟ್ಟಾರ್ರಿ. ಇನ್ನ ಬರಂಗಿಲ್ಲ ಅಂತ ಹೇಳ್ಯಾರ." ಒಳಗೆ ಸದಸ್ಯತ್ವದ ಕಾರ್ಡು, ಒತ್ತಕ್ಷರದ ಪುಸ್ತಕ. ಪುಸ್ತಕದ ನಡುವೆ ಗುರುತಿಗೆ ಕರಿ ಉಣ್ಣೆಯ ಎಳೆಯೊಂದಿತ್ತು. ಅರ್ಧ ಆಗಿತ್ತು, ಇನ್ನರ್ಧ ಬಾಕಿ. ಪುಸ್ತಕ ಜಮಾ ಮಾಡುವಾಗ ಒಳಗಿರುವ ಕಸವನ್ನೆಲ್ಲ ತೆಗೆಯುವುದು ನಿಯಮ. ಆ ಎಳೆಯನ್ನು ತೆಗೆಯಲಿಲ್ಲ, ಪುಸ್ತಕವನ್ನು ಜಮಾ ಮಾಡಲೂ ಇಲ್ಲ.

ವಾರದ ರಜೆಯ ದಿನ ನಾನೂ ಖಾಜಾಸಾಬರೂ ಆ ಹಳ್ಳಿಗೆ ಹೋದೆವು. ಬಸ್ಸಿಳಿದು ಒಂದು ಮೈಲಿ ನಡೆದರೆ ಬೀರಪ್ಪನವರ ಕುರಿದೊಡ್ಡಿ. ಸಂಜೆ ಐದರ ಹೊತ್ತು. ಮೇಯಲು ಹೋದ ಕುರಿಗಳು ಆಗ ತಾನೇ ಮರಳಿದ್ದವು, ಬೇರೆ ಕೂಡಿಹಾಕಿದ್ದ ಮರಿಗಳು ಇನ್ನೂ ಬಿದಿರಿನ ತಟ್ಟಿಯ ಆಚೆ ಕೂಗುತ್ತಿದ್ದವು. ನಮ್ಮನ್ನು ನೋಡಿ ಬೀರಪ್ಪ ಕಂಬಳಿ ಹಾಸಿದರು. ಮುಖ ಮಾತ್ರ ಬಿಗಿದುಕೊಂಡಿತ್ತು.

"ಬರ್ರಿ ಮೇಡಂ, ಕುಂದರ್ರಿ. ಫೋಟೋ ತಗ್ಯಾಕ ಬಂದೀರೇನು?"

"ಇಲ್ಲ ಬೀರಪ್ಪ. ತಪ್ಪಾಗ್ಯಾದ ಅಂತ ಹೇಳಾಕ ಬಂದೀನಿ."

"ಅಷ್ಟಕ್ಕ ಇಷ್ಟ ದೂರ ಯಾಕ ಬಂದ್ರಿ? ನಿಮ್ಮ ಫೋನಿನ್ಯಾಗ ಹಾಕಿದ್ರ ಊರಿಗೆಲ್ಲಾ ಗೊತ್ತಾಗ್ತಿತ್ತು."

ಬೀರಪ್ಪ ತಟ್ಟಿಯ ಆಚೆಗೆ ಕೈ ಮಾಡಿದರು.

"ಆ ಕರಿ ಕಿವಿ ಮರಿ ಕಾಣಸ್ತದಲ್ರಿ? ಅದರ ತಾಯಿ ಯಾವುದು, ತೋರಸ್ರಿ."

ಎದುರಿಗಿದ್ದವು ನೂರರ ಮೇಲೆ. ಎಲ್ಲವೂ ನನಗೆ ಒಂದೇ. ಸುಮ್ಮನಿರುವುದು ಸರಿಯಲ್ಲವೆಂದು ಕಿವಿ ಕಪ್ಪಗಿದ್ದ ಒಂದನ್ನು ತೋರಿಸಿದೆ.

"ಅದು ಟಗರ ರೀ ಮೇಡಂ."

ಖಾಜಾಸಾಬರು ಮುಖ ಆ ಕಡೆ ತಿರುಗಿಸಿ ಕೆಮ್ಮಿದರು. ಬೀರಪ್ಪ ನಗಲಿಲ್ಲ.

"ಈಗ ನಾ ಏನ ಮಾಡ್ಲಿ? ಬರೂ ಸಂತ್ಯಾಗ ನಿಂತು, ಲೈಬ್ರರಿ ಮೇಡಂಗ ಕುರಿಗಿ ಟಗರಿಗಿ ಫರಕ ಗೊತ್ತಿಲ್ಲ ಅಂತ ಡಂಗುರ ಹೊಡೀಲೇನು? ಸುಳ್ಳರೆ ಹೇಳಿದಂಗ ಆಗಂಗಿಲ್ಲ. ಖರೇನೇ ಅದ."

ಮೂವತ್ತು ವರ್ಷಗಳಲ್ಲಿ ಎಷ್ಟೋ ಮೇಲಧಿಕಾರಿಗಳು ನನಗೆ ಮೆಮೊ ಕೊಟ್ಟಿದ್ದಾರೆ. ಎಲ್ಲದಕ್ಕೂ ಅಂಶವಾರು ಉತ್ತರ ಬರೆದಿದ್ದೇನೆ. ಬೀರಪ್ಪನವರಿಗೆ ಮಾತ್ರ "ಇಲ್ಲ ಬೀರಪ್ಪ, ಹಂಗ ಮಾಡಬ್ಯಾಡ್ರಿ" ಎಂದೆ ಅಷ್ಟೇ. ಅಷ್ಟು ಹೇಳಿದ ಮೇಲೆ ಅವರು ನಮ್ಮ ಎದುರಿಗೆ ಕುಳಿತರು.

"ಓದಾಕ ಬರಲ್ದವ ಅಧ್ಯಕ್ಷ ಯಾಕ ಅಂತ ಸಂಘದಾಗ ಶುರು ಹಚ್ಯಾರ್ರಿ. ಬೊಂಬಿ ಪುಸ್ತಕದ ಅಧ್ಯಕ್ಷ ಅಂತಾರ. ರಾಜೀನಾಮಿ ಕಾಗದ ಸೈತ ಅವರ ಬರದ ತಂದಾರ. ಬರೂ ಮಂಗಳವಾರ ಮೀಟಿಂಗ್ ಅದ, ಅಷ್ಟರಾಗ ದಸ್ಕತ್ ಮಾಡ ಅಂತ."

"ಮಾಡಿದೇನು?" ಖಾಜಾಸಾಬರು ಕೇಳಿದರು.

"ಓದಲಾರದ ಮಾಡಂಗಿಲ್ಲ ಅಂತ ಆಣಿ ಮಾಡೀನಲ್ಲೋ. ಹ್ಯಾಂಗ ಮಾಡ್ಲಿ?"

ರುಮಾಲಿನ ಮಡಿಕೆಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. "ಏನ ಬರದಾರ, ನೀವ ಓದಿ ಹೇಳ್ರಿ."

ಓದಿ ಹೇಳುವುದು ಒಂದು ನಿಮಿಷದ ಕೆಲಸ. ಕಣ್ಣು ಆಗಲೇ ಮೊದಲ ಸಾಲಿಗೆ ಹೋಗಿತ್ತು. ಆದರೂ ಹಾಳೆಯನ್ನು ಮಡಿಚಿ ಅವರಿಗೇ ಕೊಟ್ಟೆ. ಚೀಲದಿಂದ ಒತ್ತಕ್ಷರದ ಪುಸ್ತಕ ತೆಗೆದು ಪಕ್ಕದಲ್ಲಿಟ್ಟೆ. ಉಣ್ಣೆಯ ಎಳೆ ಅಲ್ಲೇ ಇತ್ತು.

"ನೀವ ಓದ್ರಿ. ಓದಿದ ಮ್ಯಾಲ ಮಾಡೂದಿದ್ರ ಮಾಡ್ರಿ."

ಅವರು ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು. ಆಮೇಲೆ ಬೆರಳಿಟ್ಟು ಶುರುಮಾಡಿದರು. ಮರಿಗಳ ಕೂಗಿನ ನಡುವೆ ಒಂದೊಂದೇ ಅಕ್ಷರ. ಸಿಕ್ಕಿಕೊಂಡಲ್ಲಿ ಪುಸ್ತಕ ತಿರುವಿ, ಅಂಥದೇ ಅಕ್ಷರ ಹುಡುಕಿ, ಮತ್ತೆ ಹಾಳೆಗೆ ಬರುತ್ತಿದ್ದರು. ಖಾಜಾಸಾಬರು ಎರಡು ಸಲ ಬಾಯಿ ಹಾಕಲು ಹೋದಾಗ ಕೈ ಎತ್ತಿ ತಡೆದರು. ಏಳು ಸಾಲಿಗೆ ಅರ್ಧ ತಾಸು ಹಿಡಿಯಿತು. ನಾಲ್ಕನೇ ಸಾಲಿನಲ್ಲಿ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೊಮ್ಮೆ ಓದಿದರು.

"ನನ್ನ... ಸ್ವಂತ... ಇಚ್ಛೆ... ಯಿಂದ." ತಲೆ ಎತ್ತಿದರು. "ಮೇಡಂ, ನನ್ನ ಇಚ್ಛಾ ಅಂತ ಬರದಾರಲ್ರಿ? ಇದು ನನ್ನ ಇಚ್ಛಾ ಯಾವಾಗ ಆಗಿತ್ತು?"

ಅವರು ಕೊನೆಯ ಸಾಲಿನವರೆಗೂ ಓದಿ ಮುಗಿಸಿದರು. ಹಾಳೆಯನ್ನು ಮಡಿಚಿ ರುಮಾಲಿಗೆ ಸೇರಿಸಿದರು. ಎದ್ದು ತಟ್ಟಿ ತೆಗೆದರು. ಮರಿಗಳು ನುಗ್ಗಿ ಬಂದವು. ಕರಿ ಕಿವಿಯ ಮರಿ ಯಾವ ತಾಯಿಯ ಹತ್ತಿರ ಹೋಯಿತೋ ಆ ಗದ್ದಲದಲ್ಲಿ ನನಗೆ ಕಾಣಲೇ ಇಲ್ಲ.

ಮಂಗಳವಾರದ ಮೀಟಿಂಗಿಗೆ ಖಾಜಾಸಾಬರು ಹೋಗಿ ಹೊರಗೆ ನಿಂತು ಕೇಳಿ ಬಂದರು. ಬೀರಪ್ಪ ಎದ್ದು ನಿಂತು ಹೇಳಿದ್ದು ಇಷ್ಟೇ: "ಈ ಕಾಗದ ಓದೀನಿ. ಇದರಾಗ ಇಚ್ಛಾ ನಂದು ಅಂತ ಬರದದ. ನಂದಲ್ಲ. ಯಾರದದ, ಅವ್ರ ದಸ್ಕತ್ ಮಾಡ್ರಿ." ಯಾರೂ ಮುಂದೆ ಬರಲಿಲ್ಲವಂತೆ. ಆಮೇಲೆ ಆ ದಿನದ ಠರಾವಿನ ಪುಸ್ತಕ ಸಹಿಗೆ ಬಂತು. ಬೀರಪ್ಪ ಅದನ್ನು ಮುಂದಿಟ್ಟುಕೊಂಡು ಓದತೊಡಗಿದರು. ಚಹಾ ಬಂತು, ಆರಿತು, ಎರಡನೇ ಸಲ ಬಂತು. ಎಲ್ಲರೂ ಕಾಯುತ್ತ ಕುಳಿತಿದ್ದರು. ತಾರೀಖಿನ ಜಾಗ ಖಾಲಿ ಇದ್ದದ್ದನ್ನು ತೋರಿಸಿ, ಅದನ್ನು ತುಂಬಿಸಿದ ಮೇಲೆಯೇ ಸಹಿ ಹಾಕಿದರಂತೆ. ಆ ವಿಧವೆ ಹಿಂದಿನ ಸಾಲಿನಿಂದ, "ಚಂದಾಗಿ ಓದೋ ಯಣ್ಣಾ, ನಮಗೇನ ಗಡಿಬಿಡಿ ಇಲ್ಲ" ಎಂದಳೆಂದು ಖಾಜಾಸಾಬರು ಮೂರು ಸಲ ಹೇಳಿದರು.

ಮುಂದಿನ ಸಂತೆಗೆ ಬೀರಪ್ಪ ಗ್ರಂಥಾಲಯಕ್ಕೆ ಬಂದರು. ಕಾರ್ಡನ್ನು ಖಾನೆಯಿಂದ ತೆಗೆದು ಕೊಟ್ಟೆ. ಅವರು "ಮೊಮ್ಮಗಳಿಗೆ" ಎನ್ನಲಿಲ್ಲ. ಮೂಲೆಯ ಮೇಜಿಗೆ ಹೋಗಿ ಕುಳಿತರು. ಆ ಒಂದು ತಾಸನ್ನು ಖಾಜಾಸಾಬರ ಕೆಲಸದ ಪಟ್ಟಿಯಲ್ಲಿ ನಾನೇ ಸೇರಿಸಿ ಬರೆದೆ.

ನಿಯಮಗಳನ್ನೂ ತಿದ್ದಿದೆ. "ತಿಂಗಳ ಓದುಗ" ನಿಂತಿತು. ಯಾಕೆ ನಿಂತಿತೆಂದು ಮೇಲಧಿಕಾರಿಗಳು ಫೋನಿನಲ್ಲಿ ಕೇಳಿದರು. "ಅದಕ್ಕ ಮೆಚ್ಚುಗಿ ಭಾಳ ಬಂದಿತ್ತಲ್ರಿ ಮೇಡಂ?" "ಅವು ಮೆಚ್ಚುಗಿ ಅಲ್ಲ ಸರ್, ನಕ್ಕಿದ್ದು. ತಖ್ತೆ ನಾ ತಪ್ಪು ತುಂಬಿದ್ದೆ" ಎಂದೆ. ಅವರು "ತಿದ್ದಿ ಕಳಸ್ರಿ" ಎಂದರು. ತಿದ್ದಿ ಕಳಿಸಿದೆ. ಯಾರು ಏನು ಒಯ್ದರು ಎಂಬ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನೋಡಲು ಬೇರೊಂದು ಪಾಸ್‌ವರ್ಡ್ ಹಾಕಿಸಿದೆ. ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ಓದುಗರ ಚಿತ್ರ ಹಾಕಬೇಕಾದರೆ ಮೊದಲು ಅವರನ್ನು ಕೇಳಬೇಕು, ಪುಸ್ತಕದ ಹೆಸರು ಹಾಕಲೇಬಾರದು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಿಬ್ಬಂದಿಯ ಕೋಣೆಯಲ್ಲಿ ಹಚ್ಚಿದೆ. ಫಲಕಕ್ಕೆ ಹಚ್ಚಬೇಕಾದ್ದು ಇಂಥದ್ದು.

ಧ್ವನಿ ಸಂದೇಶ ಸ್ವೀಕರಿಸುವುದಿಲ್ಲ ಎಂಬ ನಿಯಮವನ್ನೂ ಹೊಡೆದುಹಾಕಿ, ಬೀರಪ್ಪನವರನ್ನು ಮತ್ತೆ ಗುಂಪಿಗೆ ಸೇರಿಸಿದೆ. ಬಂದ ಧ್ವನಿಗಳನ್ನು ದಿನಕ್ಕೆ ಎರಡು ಹೊತ್ತು ಕೇಳಿ ಬರೆದುಕೊಳ್ಳುವ ವ್ಯವಸ್ಥೆ ಮಾಡಿದೆ. ಒಂದೇ ತಿಂಗಳಲ್ಲಿ, ಹಿಂದೆ ಎಂದೂ ಮಾತಾಡದ ಹನ್ನೊಂದು ಮಂದಿ ಸದಸ್ಯರು ಮಾತಾಡಿದರು. ಅವರಲ್ಲಿ ಯಾರಿಗೆ ಓದು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ನಾನು ಕೇಳಲಿಲ್ಲ. ಉತ್ತರವನ್ನೂ ಮಾತಿನಲ್ಲೇ ಕಳಿಸಬೇಕೆಂದು ಕಲಿತೆ. ಬೀರಪ್ಪನವರಿಗೆ ಕಳಿಸಿದ ನನ್ನ ಮೊದಲ ಧ್ವನಿ ಸಂದೇಶ "ವಿಷಯ: ಪುಸ್ತಕದ ಅವಧಿ ಮುಂದುವರಿಸಿದ ಬಗ್ಗೆ. ಉಲ್ಲೇಖ: ತಮ್ಮ ಇಂದಿನ ಧ್ವನಿ" ಎಂದು ಶುರುವಾಗಿತ್ತು. "ಮೇಡಂ, ಸುಮ್ಮ ಮಾತಾಡ್ರಿ, ಅಂವಾ ಆಫೀಸರ್ ಅಲ್ಲ" ಎಂದು ಖಾಜಾಸಾಬರು ತಿದ್ದಿದರು. ಆ ತರಬೇತಿಗೆ ಎರಡು ವಾರ ಹಿಡಿಯಿತು. ಗುಂಡಿ ಒತ್ತುವುದಕ್ಕಿಂತ ಸುಮ್ಮನೆ ಮಾತಾಡುವುದು ಕಷ್ಟ.

ನಿವೃತ್ತಿಯಾದ ಮೇಲೂ ಬೀರಪ್ಪನವರ ಧ್ವನಿ ಆಗಾಗ ಬರುತ್ತದೆ. ನಾನೂ ಧ್ವನಿಯಲ್ಲೇ ಉತ್ತರಿಸುತ್ತಿದ್ದೆ. ಹೋದ ತಿಂಗಳು ಹೀಗೊಂದು ಬಂತು:

"ಮೇಡಂರೀ, ಒಂದ ಮಾತ. ಇನ್ನ ಮ್ಯಾಲ ನೀವು ಮಾತಾಡಿ ಕಳಸಬ್ಯಾಡ್ರಿ. ಬರದ ಕಳಸ್ರಿ. ನನಗ ಓದಾಕ ಬರ್ತದ. ನಾ ಮಾತ್ರ ಹಿಂಗ ಮಾತಾಡ್ತೀನ್ರಿ, ಬೆರಳ ದಪ್ಪ ಅವ."

ಕುಳಿತು ಮೂರು ಸಾಲು ಬರೆದೆ. ಮಳೆ ಹೇಗಿದೆ, ಕುರಿಗಳು ಆರಾಮಾಗಿವೆಯೇ, ಕೊನೆಗೆ ಆ ಕರಿ ಕಿವಿ ಮರಿಯ ತಾಯಿ ಯಾವುದಾಗಿತ್ತು. ಕಳಿಸಿದಾಗ ಐದೂ ಹತ್ತು. ಸಂದೇಶದ ಕೆಳಗಿನ ಎರಡು ಟಿಕ್ ಗುರುತುಗಳು ನೀಲಿಯಾದವು. ಅಲ್ಲಿ ಬೆರಳು ಸಾಲಿನ ಮೇಲೆ ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಗಡಿಯಾರ ನೋಡುತ್ತ ಕುಳಿತೆ. ಐದೂ ಹದಿನಾರಕ್ಕೆ ಉತ್ತರ ಬಂತು, ಹಿಂದೆ ಕುರಿಗಳ ಸದ್ದಿನೊಂದಿಗೆ.

"ಓದಿದ್ನಿರಿ. ಮಳಿ ಚಲೋ ಅದ. ಕುರಿ ಆರಾಮ ಅವ. ಆ ಕರಿ ಕಿವಿ ಮರಿ ಈಗ ತಾನ ತಾಯಿ ಆಗ್ಯಾದ್ರಿ. ಅದರ ಮರಿ ಯಾವುದಂತ ನಾ ಹೇಳಂಗಿಲ್ಲ. ಬಂದು ನೀವ ಹುಡಕ್ರಿ, ನಾ ಕುಂದರ್ತೀನಿ. ನನಗೇನ ಗಡಿಬಿಡಿ ಇಲ್ಲ."